ಬ್ರೇಕ್ ಮೇಲಿನ ಕಾಲು: ಮದುವೆಯಾದ ಹೆಂಗಸು, ಮನಸ್ಸು, ಹಾಸಿಗೆ

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಇದೇ ಹಾಲ್‌ನಲ್ಲಿ ಸಕ್ಕರೆ ಕಾಯಿಲೆ ಬಗ್ಗೆ ಭಾಷಣ ಇತ್ತಂತೆ. ಪ್ರಶ್ನೆ ಕೇಳುವವರಿಗೆ ಮೈಕು ಸಾಲಲಿಲ್ಲವಂತೆ. ಇವತ್ತು ಮೈಕಿನ ಬದಲು ಒಂದು ಬಿಸ್ಕತ್ತಿನ ಡಬ್ಬಿ ಇಟ್ಟಿದ್ದಾರೆ. ಹೆಸರು ಹಾಕದೆ ಚೀಟಿ ಬರೆದು, ಮಡಚಿ, ಅದರೊಳಗೆ ಹಾಕಬೇಕು. ನಾನಿನ್ನೂ ಬಾಯಿ ಬಿಟ್ಟಿಲ್ಲ, ಡಬ್ಬಿ ಆಗಲೇ ಅರ್ಧ ತುಂಬಿದೆ.

ಇವತ್ತಿನ ವಿಷಯ ಗಂಡ ಹೆಂಡತಿ ನಡುವಿನ ಲೈಂಗಿಕ ಸಂಬಂಧ. ಕನ್ನಡದಲ್ಲಿ ಈ ವಿಷಯಕ್ಕೆ ಪದಗಳು ಇಲ್ಲ ಅಂತಲ್ಲ. ಸಂಭೋಗ, ಮಿಲನ, ಲೈಂಗಿಕ ಕ್ರಿಯೆ. ಇವೆಲ್ಲ ಪುಸ್ತಕದಲ್ಲಿ, ಕೋರ್ಟಿನ ಕಾಗದದಲ್ಲಿ ಇರುತ್ತವೆ. ಇನ್ನೊಂದು ರಾಶಿ ಪದಗಳು ಬೈಗುಳದಲ್ಲಿ ಇರುತ್ತವೆ. ರಾತ್ರಿ ಹತ್ತು ಗಂಟೆಗೆ ಗಂಡ ಹೆಂಡತಿ ಒಬ್ಬರಿಗೊಬ್ಬರು ಆಡಿಕೊಳ್ಳುವಂಥ ಪದ ಮಾತ್ರ ಸಿಗುವುದಿಲ್ಲ. ನನ್ನ ಹತ್ತಿರ ಚಿಕಿತ್ಸೆಗೆ ಬರುವ ಹೆಂಗಸರು 'ಅದು' ಅನ್ನುತ್ತಾರೆ. "ಅದರಲ್ಲಿ ಮನಸ್ಸೇ ಬರಲ್ಲ ಮೇಡಂ. ಅವರಿಗೆ ಬೇಕು, ಹಂಗಾಗಿ..." ಅಷ್ಟಕ್ಕೆ ಮಾತು ನಿಲ್ಲುತ್ತದೆ. ಆ 'ಹಂಗಾಗಿ' ಆದಮೇಲೆ ಏನಿದೆ ಅಂತ ಕೇಳಿಸಿಕೊಳ್ಳುವುದೇ ನನ್ನ ಕೆಲಸದ ಮುಕ್ಕಾಲು ಪಾಲು.

ಒಂದು ಉದಾಹರಣೆ ಹೇಳುತ್ತೇನೆ. ಎರಡು ಮೂರು ಜನರ ಕಥೆ ಸೇರಿಸಿ ಒಂದು ಮಾಡಿದ್ದೇನೆ, ಯಾರು ಯಾರು ಅಂತ ಹುಡುಕಬೇಡಿ. ಗಂಡನೇ ಕರೆದುಕೊಂಡು ಬಂದಿದ್ದರು. ಕೈಯಲ್ಲಿ ಫೈಲು. "ಇವಳಿಗೆ ಹಾರ್ಮೋನ್ ಪ್ರಾಬ್ಲಂ ಇರಬೇಕು" ಅಂದರು. ಥೈರಾಯ್ಡ್ ಸರಿ ಇತ್ತು. ರಕ್ತ ಸರಿ ಇತ್ತು. ಅವರನ್ನು ಹೊರಗೆ ಕೂರಿಸಿ ಆಕೆಯನ್ನು ಕೇಳಿದೆ: ಕೊನೇ ಸಲ ಚೆನ್ನಾಗಿತ್ತು ಅನ್ನಿಸಿದ್ದು ಯಾವಾಗ? ಸ್ವಲ್ಪ ಹೊತ್ತು ಯೋಚನೆ ಮಾಡಿ ನಕ್ಕುಬಿಟ್ಟರು. "ಚಿಕ್ಕಮಗಳೂರಿಗೆ ಹೋಗಿದ್ವಲ್ಲ, ಹೋಂ ಸ್ಟೇ. ಅವತ್ತು."

ಕಡೂರು ದಾಟಿದ ಕೂಡಲೇ ಹಾರ್ಮೋನು ಬದಲಾಗುವುದಿಲ್ಲ ಅಲ್ವಾ? ಮನೆಯಲ್ಲಿ ಏನಿದೆ ಅಂತ ಕೇಳುತ್ತಾ ಹೋದೆ. ಒಂದೇ ರೂಮು. ಅತ್ತೆ ಹಾಲ್‌ನಲ್ಲಿ ಮಲಗುತ್ತಾರೆ, ಅವರಿಗೆ ನಿದ್ದೆ ಕಡಿಮೆ. ರೂಮಿನ ಚಿಲಕ ಹಳೇ ಕಾಲದ್ದು, ಹಾಕಿದರೆ ಠಣ್ ಅನ್ನುತ್ತದೆ. ಹಾಕಿದರೆ ಅತ್ತೆಗೆ ಗೊತ್ತಾಗುತ್ತದೆ. ಹಾಕದಿದ್ದರೆ ಅಜ್ಜಿ ಪಕ್ಕ ಮಲಗಿದ ಮಗು ಎದ್ದು ಬರುತ್ತದೆ. ಗಂಡ ಹತ್ತಿರ ಬಂದಾಗಲೆಲ್ಲ ಈಕೆಯ ಮೈ ಹಾಸಿಗೆಯಲ್ಲಿ, ಕಿವಿ ಬಾಗಿಲಲ್ಲಿ. ಗಂಡನಿಗೆ ಕಾಣುವುದು ಇಷ್ಟೇ: ಹೆಂಡತಿ ಕೊರಡಿನ ಹಾಗೆ ಬಿದ್ದಿದ್ದಾಳೆ.

2000ದ ಆಸುಪಾಸಿನಲ್ಲಿ ಲೈಂಗಿಕತೆಯ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಕಿನ್ಸೀ ಇನ್‌ಸ್ಟಿಟ್ಯೂಟ್‌ನಲ್ಲಿ ಜಾನ್ ಬ್ಯಾನ್‌ಕ್ರಾಫ್ಟ್, ಎರಿಕ್ ಜಾನ್ಸೆನ್ ಅನ್ನುವ ಇಬ್ಬರು ಸಂಶೋಧಕರು ಒಂದು ವಿವರಣೆ ಕೊಟ್ಟರು. ನಮ್ಮ ಮಿದುಳಿನಲ್ಲಿ ಆಸೆಗೆ ಒಂದು ಆಕ್ಸಿಲರೇಟರ್ ಇದೆ, ಒಂದು ಬ್ರೇಕೂ ಇದೆ. ಎರಡೂ ಬೇರೆ ಬೇರೆ. ಯಾರಿಗೆ ಯಾವುದು ಎಷ್ಟು ಸೂಕ್ಷ್ಮ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ನಾವು ಮಾಡುವ ತಪ್ಪೇನು? ಗಾಡಿ ಮುಂದೆ ಹೋಗದಿದ್ದರೆ ಆಕ್ಸಿಲರೇಟರ್ ತುಳಿಯುತ್ತೇವೆ. ಹೊಸ ನೈಟಿ, ಸೆಂಟು, ಯಾರೋ ಹೇಳಿದ ಪುಡಿ. ಇನ್ನೊಂದು ಕಾಲು ಬ್ರೇಕ್ ಮೇಲೇ ಇದೆ ಅನ್ನುವುದನ್ನು ಯಾರೂ ಬಗ್ಗಿ ನೋಡುವುದಿಲ್ಲ. ಆ ದಂಪತಿಗೆ ನಾನು ಕೊಟ್ಟ ಮೊದಲ ವಾರದ ಹೋಂವರ್ಕ್ ಚಿಲಕಕ್ಕೆ ಎಣ್ಣೆ ಬಿಡುವುದು. ತಮಾಷೆ ಅಲ್ಲ, ನಿಜವಾಗಿ. ಆಮೇಲಿನದು ಆಮೇಲೆ.

ಬ್ರೇಕ್ ಮೇಲೆ ಏನೇನು ಕೂತಿರುತ್ತದೆ? ದಣಿವು. ಬೆಳಿಗ್ಗೆ ಐದೂವರೆಗೆ ಎದ್ದು ಡಬ್ಬಿ ಕಟ್ಟಿ, ಆಫೀಸು ಮುಗಿಸಿ, ರಾತ್ರಿ ಪಾತ್ರೆ ತೊಳೆದವರಿಗೆ ಮಂಚ ಕಂಡರೆ ನಿದ್ದೆಯೇ ಬರಬೇಕು. ಮತ್ತೆ ಬಸುರಾದರೆ ಅನ್ನುವ ಭಯ. ಮಧ್ಯಾಹ್ನ ಅಮ್ಮನ ಮನೆ ಬಗ್ಗೆ ಗಂಡ ಆಡಿದ ಒಂದು ಮಾತು. ಅವರು ಅದನ್ನು ಮರೆತಿರುತ್ತಾರೆ, ಈಕೆ ಮರೆತಿರುವುದಿಲ್ಲ. ಹೆರಿಗೆ ಆದಮೇಲೆ ಹೊಟ್ಟೆ ಜೋತುಬಿದ್ದಿದೆ, ಲೈಟ್ ಆರಿಸಿ ಅನ್ನುವ ಸಂಕೋಚ. ಚಿಕ್ಕಂದಿನಲ್ಲಿ ಯಾರೋ ಮುಟ್ಟಬಾರದ ಹಾಗೆ ಮುಟ್ಟಿದ ನೆನಪು. ಇದು ನೀವು ಅಂದುಕೊಂಡಿರುವುದಕ್ಕಿಂತ ಜಾಸ್ತಿ ಜನರಲ್ಲಿ ಇದೆ.

ಮುಟ್ಟು ಅಂದೆನಲ್ಲ, ನಮ್ಮ ಭಾಷೆಯಲ್ಲಿ ತಿಂಗಳ ಮುಟ್ಟಿಗೂ ಕೈಯಿಂದ ಮುಟ್ಟುವುದಕ್ಕೂ ಒಂದೇ ಪದ ನೋಡಿ. ಹನ್ನೆರಡು ಹದಿಮೂರರ ಹುಡುಗಿಗೆ ಮೈ ಬಗ್ಗೆ ಸಿಗುವ ಮೊದಲ ಪಾಠ 'ಮುಟ್ಟಬೇಡ, ದೂರ ಕೂತುಕೋ'. ಹತ್ತು ಹದಿನೈದು ವರ್ಷ ಅದೇ ಪಾಠ. ಆಮೇಲೆ ಒಂದು ದಿನ ಪ್ರಸ್ತ. ಹೂವಿನ ಮಂಚ, ಹಾಲಿನ ಲೋಟ, ಹೊರಗೆ ನೆಂಟರ ನಗು. ಅವತ್ತು ರಾತ್ರಿಯಿಂದ ಮೈ ಅರಳಿಬಿಡಬೇಕು! ಹದಿನೈದು ವರ್ಷ ಒತ್ತಿ ಹಿಡಿದ ಬ್ರೇಕು ಒಂದು ಲೋಟ ಹಾಲಿಗೆ ಬಿಡುತ್ತದೆಯೇ?

ಇನ್ನೊಂದು ತಪ್ಪು ಲೆಕ್ಕ ಇದೆ. ಮೊದಲು ಆಸೆ ಬರಬೇಕು, ಆಮೇಲೆ ಮಿಕ್ಕಿದ್ದು ಅಂತ. 1966ರಲ್ಲಿ ಅಮೆರಿಕದ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ ದೇಹ ಹೇಗೆ ಸ್ಪಂದಿಸುತ್ತದೆ ಅಂತ ಹಂತ ಹಂತವಾಗಿ ಬರೆದರು. 1970ರ ದಶಕದಲ್ಲಿ ಅಲ್ಲಿನ ಲೈಂಗಿಕ ಚಿಕಿತ್ಸಕಿ ಹೆಲೆನ್ ಸಿಂಗರ್ ಕಪ್ಲಾನ್ ಅದರ ಶುರುವಿಗೆ ಆಸೆಯನ್ನು ಸೇರಿಸಿದರು. 2000ದಲ್ಲಿ ಕೆನಡಾದ ವೈದ್ಯೆ ರೋಸ್‌ಮೇರಿ ಬ್ಯಾಸನ್ ಬೇರೆ ಮಾತು ಹೇಳಿದರು. ಬಹಳ ವರ್ಷ ಜೊತೆಗಿರುವ ಎಷ್ಟೋ ಹೆಂಗಸರಲ್ಲಿ ಇದು ನೇರ ಗೆರೆ ಅಲ್ಲ, ಒಂದು ಸುತ್ತು. ಮನಸ್ಸು ತಟಸ್ಥವಾಗಿರುತ್ತದೆ. ಹತ್ತಿರ ಕೂರಬೇಕು ಅನ್ನಿಸುತ್ತದೆ. ಸ್ಪರ್ಶ ಹಿತವಾಗಿದ್ದರೆ ಮೈ ಬೆಚ್ಚಗಾಗುತ್ತದೆ, ಆಸೆ ಆಗ ಬರುತ್ತದೆ. "ನನಗೆ ತಾನಾಗಿ ಬರಲ್ಲ, ನಾನು ಸರಿ ಇಲ್ಲ" ಅಂತ ಅಳುತ್ತಾ ಬಂದವರಿಗೆ ಇದನ್ನು ಹೇಳಿದರೆ ಅರ್ಧ ಭಾರ ಅಲ್ಲೇ ಇಳಿಯುತ್ತದೆ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಹಿಂದಿನ ಸಾಲಿನಲ್ಲಿ ಕೂತಿರುವ ಗಂಡಸರಿಗೆ ಹೇಳುತ್ತಿದ್ದೇನೆ. 'ಶುರು ಮಾಡಿದರೆ ಆಮೇಲೆ ಅವಳಿಗೇ ಇಷ್ಟ ಆಗುತ್ತದೆ' ಅಂತ ಇದರ ಅರ್ಥ ಅಲ್ಲ. ಆ ಸುತ್ತು ಶುರುವಾಗುವುದೇ ಆಕೆಯ ಒಪ್ಪಿಗೆಯಿಂದ. ಬೇಡ ಅಂದಾಗ ನಿಲ್ಲುತ್ತದೆ ಅನ್ನುವ ನಂಬಿಕೆ ಇದ್ದರೆ ಮಾತ್ರ ಮೈ ಸಡಿಲವಾಗುತ್ತದೆ. ಒತ್ತಾಯದ ಪ್ರತಿ ರಾತ್ರಿಯೂ ಬ್ರೇಕನ್ನು ಇನ್ನಷ್ಟು ಬಿಗಿ ಮಾಡುತ್ತದೆ.

ಹಿಂಸೆ ಇರುವ ಮನೆಗೆ ನಾನು ಇವತ್ತು ಹೇಳುವ ಯಾವ ಥೆರಪಿಯೂ ಸಲ್ಲುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದೇವೆ ಅಂದವರು ಕರ್ನಾಟಕದಲ್ಲಿ ಶೇ. 44. ಇಂಥ ಮನೆಯ ಹೆಂಗಸಿಗೆ 'ಆಸಕ್ತಿ ಕಡಿಮೆ' ಅನ್ನುವ ರೋಗದ ಹೆಸರು ಕೊಡುವುದು ಅನ್ಯಾಯ. ಗಂಡ ಮಾಡಿದ್ದನ್ನು ಅತ್ಯಾಚಾರ ಅಂತ ಒಪ್ಪದ ವಿನಾಯಿತಿ ಹೊಸ ನ್ಯಾಯ ಸಂಹಿತೆಯಲ್ಲೂ ಉಳಿದಿದೆ, ನಿಜ. ಆದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಲೈಂಗಿಕ ಹಿಂಸೆಯೂ ಸೇರಿದೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು.

ಈಗ ನೋವಿನ ವಿಷಯ. ಇನ್ನೊಂದು ದಂಪತಿ, ಮದುವೆಯಾಗಿ ನಾಲ್ಕು ವರ್ಷ. ಸಿಕ್ಕವರೆಲ್ಲ "ಏನಾದ್ರೂ ವಿಶೇಷ?" ಅಂತ ಕೇಳುತ್ತಾರೆ. ಹರಕೆ ಆಯಿತು, ಸ್ಕ್ಯಾನಿಂಗ್ ಆಯಿತು, ಮಕ್ಕಳಾಗುವ ಆಸ್ಪತ್ರೆಗೂ ಹೋಗಿ ಬಂದಾಯಿತು. ಇಬ್ಬರ ಮಧ್ಯೆ ಕೂಡುವುದು ನಡೆದಿದೆಯಾ ಅಂತ ಮಾತ್ರ ಯಾರೂ ಕೇಳಿರಲಿಲ್ಲ. ನಡೆದೇ ಇರಲಿಲ್ಲ. ಪ್ರಯತ್ನ ಮಾಡಿದಾಗೆಲ್ಲ ಗೋಡೆಗೆ ತಾಗಿದ ಹಾಗೆ. ಒಬ್ಬ ಡಾಕ್ಟರ ಹತ್ತಿರ ಧೈರ್ಯ ಮಾಡಿ ಬಾಯಿಬಿಟ್ಟರೆ "ಸ್ವಲ್ಪ ಸಹಿಸ್ಕೋಬೇಕಮ್ಮ" ಅಂದರಂತೆ.

ಇದಕ್ಕೆ ವೆಜೈನಿಸ್ಮಸ್ ಅಂತ ಹೆಸರು. 1860ರ ದಶಕದಲ್ಲಿ ಈ ಹೆಸರು ಇಟ್ಟ ಅಮೆರಿಕದ ಡಾಕ್ಟರ್ ಕತ್ತರಿಸಿ ಸರಿಮಾಡಲು ಹೊರಟಿದ್ದ. ಈಗ ಹಾಗಲ್ಲ. 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನೂ ಕೂಡುವಾಗಿನ ನೋವನ್ನೂ ಒಂದೇ ತೊಂದರೆಯಾಗಿ ನೋಡುತ್ತದೆ. ನಾನು ಹೇಳಿಕೊಡುವುದು ಹೀಗೆ. ಕಣ್ಣಿಗೆ ನೊಣ ಬಂದರೆ ರೆಪ್ಪೆ ಮುಚ್ಚುತ್ತದೆ. ನೀವು ಮುಚ್ಚಿದಿರಾ? ಇಲ್ಲ, ಅದೇ ಮುಚ್ಚಿಕೊಂಡಿತು. ರೆಪ್ಪೆಗೆ ಬೈದು ಪ್ರಯೋಜನ ಇಲ್ಲ. ಯೋನಿಯ ಸುತ್ತ ಇರುವ ಸ್ನಾಯುಗಳೂ ಹಾಗೆ, ಭಯ ಆದರೆ ಬಿಗಿಯುತ್ತವೆ. ಬಿಗಿದಾಗ ನೋವು, ನೋವಾದರೆ ಇನ್ನೂ ಭಯ.

ಮೊದಲು ಸ್ತ್ರೀರೋಗ ತಜ್ಞರು ನೋಡಿ ಸೋಂಕು, ಗಾಯ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆಯುವ ಕಾಯಿಲೆ) ಇಲ್ಲ ಅಂತ ಖಚಿತ ಮಾಡಬೇಕು. ಆಮೇಲೆ ಒಂದು ಕನ್ನಡಿ ಹಿಡಿದು ತನ್ನ ಮೈಯನ್ನು ತಾನೇ ನೋಡಿಕೊಳ್ಳುವುದು. ಎಷ್ಟೋ ಜನ ಮೂವತ್ತು ದಾಟಿದರೂ ಒಮ್ಮೆಯೂ ನೋಡಿಕೊಂಡಿರುವುದಿಲ್ಲ. ಉಸಿರು ನಿಧಾನ ಮಾಡಿ ಸ್ನಾಯು ಬಿಡುವುದನ್ನು ಕಲಿಯಬೇಕು. ಯೂಟ್ಯೂಬ್ ನೋಡಿ ಕೆಗೆಲ್ ಮಾಡುತ್ತಿದ್ದೇನೆ ಅನ್ನುತ್ತಾರೆ. ಕೆಗೆಲ್ ಅಂದರೆ ಬಿಗಿ ಮಾಡುವ ವ್ಯಾಯಾಮ. ಇವರ ಸ್ನಾಯು ಆಗಲೇ ಬಿಗಿಯಾಗಿದೆ, ಬೇಕಾದದ್ದು ಸಡಿಲ ಬಿಡುವುದು. ಪೆಲ್ವಿಕ್ ಫ್ಲೋರ್, ಅಂದರೆ ಕಿಬ್ಬೊಟ್ಟೆಯ ತಳದ ಸ್ನಾಯುಗಳ ಬಗ್ಗೆ ಗೊತ್ತಿರುವ ಫಿಸಿಯೋಥೆರಪಿಸ್ಟ್ ಸಿಕ್ಕರೆ ಒಳ್ಳೆಯದು. ಆಮೇಲೆ ತನ್ನ ಬೆರಳು, ಇಲ್ಲವೇ ಡೈಲೇಟರ್, ಅಂದರೆ ಒಳಗೆ ಇಟ್ಟು ಅಭ್ಯಾಸ ಮಾಡುವ ನುಣುಪಾದ ಕೊಳವೆಯಂಥ ಸಾಧನ. ಅತಿ ಚಿಕ್ಕದರಿಂದ ಶುರು. ಎಷ್ಟು ದೂರ, ಯಾವತ್ತು ಸಾಕು, ಎಲ್ಲ ಆಕೆಯ ತೀರ್ಮಾನ. ಗಂಡನ ಸರದಿ ಕೊನೆಗೆ. ತಿಂಗಳುಗಟ್ಟಲೆ ಹಿಡಿಯಬಹುದು, ಆದರೆ ತಾಳ್ಮೆಯಿಂದ ಮಾಡಿದರೆ ಚೆನ್ನಾಗಿ ಫಲ ಕೊಡುವ ಚಿಕಿತ್ಸೆ ಇದು.

ಇನ್ನೊಂದು ಚಿಕಿತ್ಸೆ ನನಗೆ ಬಹಳ ಇಷ್ಟ. 1970ರಲ್ಲಿ ಮಾಸ್ಟರ್ಸ್ ಮತ್ತು ಜಾನ್ಸನ್ ಪ್ರಕಟಿಸಿದ್ದು. ಸೆನ್ಸೇಟ್ ಫೋಕಸ್ ಅನ್ನುತ್ತಾರೆ, ನಾನು 'ಸ್ಪರ್ಶದ ಪಾಠ' ಅನ್ನುತ್ತೇನೆ. ಮೊದಲ ನಿಯಮ: ಕೂಡುವಂತಿಲ್ಲ. ಪೂರ್ತಿ ಬಂದ್. ಗಂಡ ಮುಖ ಸಣ್ಣ ಮಾಡುತ್ತಾನೆ. "ಅದೇ ಇಲ್ಲ ಅಂತ ಬಂದಿದ್ದೀವಿ, ನೀವು ಅದನ್ನೇ ಬಂದ್ ಮಾಡ್ತೀರಲ್ಲ?" ಹೌದು, ಮಾಡುತ್ತೇನೆ. ವಾರಕ್ಕೆ ಎರಡು ಮೂರು ಸಲ, ಫೋನು ಹೊರಗಿಟ್ಟು, ಒಬ್ಬರ ಮೈಯನ್ನು ಇನ್ನೊಬ್ಬರು ಸರದಿ ಪ್ರಕಾರ ಮುಟ್ಟಬೇಕು. ಬೆನ್ನು, ತೋಳು, ಕೂದಲು, ಅಂಗಾಲು. ಮೊದಮೊದಲು ಎದೆ, ಜನನಾಂಗ ಬಿಟ್ಟು. ಖುಷಿಪಡಿಸುವ ಜವಾಬ್ದಾರಿ ಯಾರಿಗೂ ಇಲ್ಲ. ಬಿಸಿಯಾ, ತಣ್ಣಗಾ, ಒರಟಾ, ನುಣುಪಾ ಅಂತ ಗಮನಿಸುವುದಷ್ಟೇ. ಕೆಲವು ವಾರ ಆದಮೇಲೆ ಒಂದೊಂದೇ ಹಂತ ಮುಂದೆ.

ಎರಡನೇ ವಾರ ಬಂದ ಒಬ್ಬರು ಹೇಳಿದ್ದು: "ಮೊದಲೆಲ್ಲ ಅವರು ಭುಜದ ಮೇಲೆ ಕೈ ಇಟ್ಟರೆ, ಇದು ಎಲ್ಲಿಗೆ ಹೋಗುತ್ತೆ, ನಾಳೆ ಎಷ್ಟು ಹೊತ್ತಿಗೆ ಏಳಬೇಕು ಅಂತ ಲೆಕ್ಕ ಹಾಕ್ತಿದ್ದೆ. ಈ ಸಲ ಲೆಕ್ಕ ಹಾಕಲಿಲ್ಲ. ಕೈ ಬೆಚ್ಚಗಿದೆ ಅನ್ನಿಸ್ತು, ಅಷ್ಟೇ." ಗಂಡನಿಗೂ ಬಿಡುಗಡೆ. ಪ್ರತಿ ರಾತ್ರಿ ಪರೀಕ್ಷೆ ಬರೆಯುವ ಭಯ ಅವರಿಗೂ ಇರುತ್ತದೆ. ಕೆಲವರು ಬಂದ್ ಮುರಿದುಬಿಟ್ಟೆವು ಅಂತ ನಾಚಿಕೊಂಡು ಬರುತ್ತಾರೆ. ಹೆಂಡತಿ ನಗುತ್ತಿದ್ದರೆ ನಾನೂ ನಗುತ್ತೇನೆ. ಆಕೆ ನೆಲ ನೋಡುತ್ತಿದ್ದರೆ ಪಾಠ ಮತ್ತೆ ಮೊದಲಿನಿಂದ.

ಮನಸ್ಸು ಅಡುಗೆಮನೆಗೆ ಓಡುವವರಿಗೆ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಮೇಲೆ ಗಮನ ಇಡುವ ಅಭ್ಯಾಸ, ಸಹಾಯ ಮಾಡುತ್ತದೆ. ಕೆನಡಾದ ಮನಶ್ಶಾಸ್ತ್ರಜ್ಞೆ ಲೋರಿ ಬ್ರಾಟೊ ಇದರ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. 'ಒಳ್ಳೆ ಮನೆ ಹೆಂಗಸು ಬೇಕು ಅನ್ನಬಾರದು' ಅನ್ನುವಂಥ ಯೋಚನೆಗಳನ್ನು ಸಿಬಿಟಿಯಲ್ಲಿ, ಅಂದರೆ ಯೋಚನೆ, ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆಯಲ್ಲಿ, ಒಂದೊಂದಾಗಿ ಬಿಚ್ಚುತ್ತೇವೆ.

ಮಾತ್ರೆ ಇಲ್ಲವಾ ಅಂತ ಖಂಡಿತ ಕೇಳುತ್ತೀರಿ. 2015ರಲ್ಲಿ ಅಮೆರಿಕದಲ್ಲಿ ಹೆಂಗಸರ ಆಸೆ ಹೆಚ್ಚಿಸಲು ಫ್ಲಿಬಾನ್ಸೆರಿನ್ ಅನ್ನುವ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ದಿನಾ ನುಂಗಬೇಕು. ಸುಮ್ನೆ ಸಕ್ಕರೆ ಗುಳಿಗೆ ತಿಂದವರಿಗೆ ಹೋಲಿಸಿದರೆ ತಿಂಗಳಿಗೆ ಅರ್ಧದಿಂದ ಒಂದು ಒಳ್ಳೆಯ ಅನುಭವ ಜಾಸ್ತಿ, ಅಷ್ಟೇ. ಮೇಲೆ ತಲೆಸುತ್ತು, ನಿದ್ದೆ ಮಂಪರು. ನನಗೆ ಅದರ ಮೇಲೆ ಭರವಸೆ ಇಲ್ಲ. ಆದರೆ ನೀವು ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ಯಾವುದು ಅಂತ ಡಾಕ್ಟರಿಗೆ ಹೇಳಿ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಆಸೆಯನ್ನೂ ಸುಖವನ್ನೂ ಕುಗ್ಗಿಸುತ್ತವೆ. ಹಾಗಂತ ನೀವೇ ನಿಲ್ಲಿಸಬೇಡಿ. ಡೋಸ್ ಬದಲಿಸಬಹುದು, ಮಾತ್ರೆಯನ್ನೇ ಬದಲಿಸಬಹುದು. ಖಿನ್ನತೆಯೂ ಆಸೆಯನ್ನು ತಿನ್ನುತ್ತದೆ, ಅದನ್ನು ಮರೆಯಬಾರದು.

ಎಲ್ಲಿಗೆ ಹೋಗಬೇಕು? ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್. ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ. ದೂರ ಇರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಈಗ ಆ ಡಬ್ಬಿ ಕೊಡಿ. ಮೊದಲ ಚೀಟಿ ಓದುತ್ತೇನೆ. "ಮಗುವಿಗೆ ಒಂದು ವರ್ಷ. ಇನ್ನೂ ಎದೆಹಾಲು ಕುಡೀತಿದೆ. ಸೇರಿದರೆ ಉರಿ. ಇವರು ನನ್ನ ಮೇಲೆ ಪ್ರೀತಿ ಕಡಿಮೆ ಆಯ್ತಾ ಅಂತಾರೆ."

ಇಲ್ಲಮ್ಮ, ಕಡಿಮೆ ಆಗಿರುವುದು ಈಸ್ಟ್ರೋಜನ್ ಅನ್ನುವ ಹಾರ್ಮೋನು. ಹಾಲುಣಿಸುವಾಗ ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಜಾಸ್ತಿ ಇರುತ್ತದೆ, ಈಸ್ಟ್ರೋಜನ್ ಇಳಿದಿರುತ್ತದೆ, ಅದಕ್ಕೇ ಒಳಗೆ ಒಣಗುವುದು. ಮೆಡಿಕಲ್ ಶಾಪಿನಲ್ಲಿ ನೀರಿನಂಶದ ಲೂಬ್ರಿಕೆಂಟ್ ಜೆಲ್ಲಿ ಸಿಗುತ್ತದೆ, ಅದನ್ನು ಬಳಸಿ. ಕೊಬ್ಬರಿ ಎಣ್ಣೆ ಬೇಡ, ಕಾಂಡೋಮ್ ಹರಿಯುತ್ತದೆ. ಕಾಂಡೋಮ್ ಅಂದೆ ಯಾಕಂದರೆ, ಹಾಲುಣಿಸುತ್ತಿದ್ದರೆ ಬಸುರಾಗಲ್ಲ ಅನ್ನುವ ಲೆಕ್ಕ ಮೊದಲ ಆರು ತಿಂಗಳಿಗೆ ಮಾತ್ರ. ಅದೂ ಬರೀ ಎದೆಹಾಲು ಕೊಡುತ್ತಾ, ಮುಟ್ಟು ಶುರುವಾಗದಿದ್ದರೆ. ನಿಮಗೆ ಅದು ಮುಗಿದಿದೆ. ಜೆಲ್ಲಿ ಹಾಕಿಯೂ ಉರಿ ಹೋಗದಿದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಹೆರಿಗೆಯಲ್ಲಿ ಹಾಕಿದ ಹೊಲಿಗೆ ಜಾಗವನ್ನೂ ನೋಡಬೇಕು ಅಂತ ಕೇಳಿ. ಅಲ್ಲಿವರೆಗೆ ಉರಿ ಇರುವಾಗ ಸೇರಬೇಡಿ. ಈ ಚೀಟಿಯನ್ನೇ ಮನೆಯವರಿಗೆ ತೋರಿಸಬಹುದು, ಬೇಕಿದ್ದರೆ ವಾಪಸ್ ತೆಗೆದುಕೊಂಡು ಹೋಗಿ. ಟೇಬಲ್ ಮೇಲೆ ಇಟ್ಟಿರುತ್ತೇನೆ.

ಎರಡನೇ ಚೀಟಿ ಕೊಡಿ.