ಸ್ಟೌರ್ ನದಿಯಲ್ಲಿ ಹುಟ್ಟು ಹಾಕುವ ಹಕ್ಕು

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಇಂಗ್ಲೆಂಡಿನ ಪುಟ್ಟ ನದಿಯೊಂದರ ಮಾತು. ಹೆಸರು ಸ್ಟೌರ್. ಸಫೊಕ್ ಮತ್ತು ಎಸೆಕ್ಸ್ ಜಿಲ್ಲೆಗಳ ಗಡಿಯಲ್ಲಿ ಹರಿಯುತ್ತದೆ. ಸಡ್ಬರಿ ಊರಲ್ಲಿ ಕಯಾಕ್, ಅಂದರೆ ಹುಟ್ಟು ಹಾಕುವ ಪುಟ್ಟ ದೋಣಿ, ನೀರಿಗಿಳಿಸಿದರೆ ಸಮುದ್ರದ ಕಡೆಯ ಕ್ಯಾಟವೇಡ್‌ವರೆಗೆ ಸುಮಾರು 40 ಕಿಲೋಮೀಟರ್, ದಾರಿಯುದ್ದಕ್ಕೂ ಹುಲ್ಲುಗಾವಲು, ವಿಲೋ ಮರ, ನೀರು ಕುಡಿಯಲು ಬಂದ ದನ, ಹುಟ್ಟಿಗೆ ತೊಡರುವ ಹಳದಿ ನೈದಿಲೆಯ ದಂಟು.

ಆದರೆ ಅಲ್ಲಿ ಸಿಕ್ಕ ಸಿಕ್ಕ ನದಿಗೆಲ್ಲ ಸುಮ್ನೆ ಇಳಿಯುವ ಹಾಗಿಲ್ಲ. ನದಿಯ ತಳ ಸಾಮಾನ್ಯವಾಗಿ ದಡದ ಜಮೀನುದಾರರದ್ದು, ಹಾಗಾಗಿ ದೋಣಿಯವರಿಗೂ ಅವರಿಗೂ ಜಗಳ ತಪ್ಪಿದ್ದಲ್ಲ. ಯಾರ್ಕ್‌ಷೈರಿನ ಡರ್ವೆಂಟ್ ನದಿಯ ಕೇಸು 1991 ರಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು. ಜನ ಇಪ್ಪತ್ತು ವರ್ಷ ನಡೆದಾಡಿದ ಕಾಲುದಾರಿ ಸಾರ್ವಜನಿಕ ಆಗಬಹುದು, ಆದರೆ ವರ್ಷಗಟ್ಟಲೆ ದೋಣಿ ಓಡಿಸಿದರೂ ಅದೇ ಕಾನೂನು ನದಿಗೆ ಅನ್ವಯಿಸುವುದಿಲ್ಲ ಅಂತ ತೀರ್ಪು ಬಂತು. ನನಗೆ ಇದು ಒಪ್ಪಿಗೆಯಿಲ್ಲ. ನದಿಯೂ ದಾರಿಯೇ ಅಲ್ವಾ?

ಆದರೆ ಸ್ಟೌರ್‌ನಲ್ಲಿ ದೋಣಿ ಓಡಿಸುವ ಹಕ್ಕಿಗೆ 1705 ರಲ್ಲೇ ಪಾರ್ಲಿಮೆಂಟಿನ ಕಾಯ್ದೆಯ ಬಲ ಸಿಕ್ಕಿತು. ಅದು ಸರಕು ದೋಣಿಗಳಿಗಾಗಿ ಮಾಡಿದ್ದು. ಇಟ್ಟಿಗೆ, ಹಿಟ್ಟು ಕೆಳಕ್ಕೆ ಹೋಗುತ್ತಿತ್ತು, ಕಲ್ಲಿದ್ದಲು ಮೇಲಕ್ಕೆ ಬರುತ್ತಿತ್ತು. ಒಂದರ ಹಿಂದೆ ಒಂದು ಕಟ್ಟಿದ ಎರಡು ದೋಣಿಯನ್ನು ದಡದ ಮೇಲಿನ ಕುದುರೆ ಎಳೆಯುತ್ತಿತ್ತು. ಕುದುರೆ ದಾರಿ ಒಂದೇ ದಡದಲ್ಲಿ ಇರಲಿಲ್ಲ. ಅದು ಆಚೆ ದಡಕ್ಕೆ ಬದಲಾದ ಕಡೆ, ಸೇತುವೆ ಇಲ್ಲದಿದ್ದರೆ ಕುದುರೆಯೇ ಮುಂದಿನ ದೋಣಿಯ ಮೇಲೆ ಜಿಗಿದು ನಿಲ್ಲಬೇಕು, ದೋಣಿಯವರು ಅದನ್ನು ಆಚೆ ದಾಟಿಸಬೇಕು, ಅಲ್ಲಿ ಮತ್ತೆ ಜಿಗಿದು ಎಳೆಯಲು ಶುರು ಮಾಡಬೇಕು. ಚಿತ್ರಕಾರ ಜಾನ್ ಕಾನ್‌ಸ್ಟಬಲ್ ಅವರ ತಂದೆ ಇಲ್ಲಿ ಫ್ಲಾಟ್‌ಫರ್ಡ್ ಗಿರಣಿ ನಡೆಸುತ್ತಿದ್ದರು, ಅವರಿಗೆ ಸ್ವಂತ ದೋಣಿಗಳೂ ಇದ್ದವು.

ರೈಲು ಬಂದ ಮೇಲೆ ವ್ಯಾಪಾರ ಕುಸಿಯಿತು. 1914 ರಲ್ಲಿ, ಜರ್ಮನ್ ಸೈನ್ಯ ಬಂದರೆ ಕೈಗೆ ಸಿಗಬಾರದೆಂದು ಸಡ್ಬರಿ ಬಳಿ ದೋಣಿಗಳನ್ನೇ ಮುಳುಗಿಸಿದರು. ಆದರೆ ಕಾಯ್ದೆ ಕೊಟ್ಟ ಹಕ್ಕು ಬಳಸದೆ ಬಿಟ್ಟ ಮಾತ್ರಕ್ಕೆ ತಾನಾಗಿ ಹೋಗುವುದಿಲ್ಲ. ಅದನ್ನು ಉಳಿಸಿಕೊಳ್ಳಲು 1968 ರಲ್ಲಿ ರಿವರ್ ಸ್ಟೌರ್ ಟ್ರಸ್ಟ್ ಹುಟ್ಟಿತು. ಮುಳುಗಿದ್ದ ದೋಣಿಯೊಂದನ್ನು ಕೆಸರಿನಿಂದ ಎತ್ತಿ ದುರಸ್ತಿ ಮಾಡಿದವರೂ ಇವರೇ.

ಹೋಗುವವರು ಲೈಸೆನ್ಸ್ ಮಾಡಿಸಿಕೊಳ್ಳಿ. ಗಿರಣಿಗಳಿಗಾಗಿ ನದಿಗೆ ಅಡ್ಡ ಕಟ್ಟಿದ ಹಳೆಯ ಕಟ್ಟೆ ಬಂದಲ್ಲೆಲ್ಲ ಕಯಾಕ್ ಹೊತ್ತು ದಡದ ಮೇಲೆ ನಡೆಯಬೇಕು. ಮಳೆ ಜಾಸ್ತಿ ಆದಾಗ ಕಟ್ಟೆಯ ಹತ್ತಿರ ಹೋಗಲೇಬೇಡಿ. ಮೇಲಿನಿಂದ ನೀರು ಸಪಾಟಾಗಿ ಕಾಣುತ್ತದೆ, ಬಿದ್ದಲ್ಲಿ ಮಾತ್ರ ತಿರುಗಿ ಒಳಗೆಳೆಯುತ್ತದೆ.

ಸ್ಕಾಟ್ಲೆಂಡಿನಲ್ಲಿ 2003 ರ ಕಾಯ್ದೆಯಿಂದ, ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರು ಬೇಕಾದರೂ ನದಿಗಳಲ್ಲಿ ಹುಟ್ಟು ಹಾಕಬಹುದು. ಇಂಗ್ಲೆಂಡಿನ ಉಳಿದ ನದಿಗಳಿಗೂ ಅಂಥದ್ದೊಂದು ಕಾಯ್ದೆ ಬೇಗ ಬರಲಿ. ನಮಸ್ಕಾರ.