ಆಣೆ ಕೇಳದ ಜಾಗ

ಎಲ್ಲರಿಗೂ ನಮಸ್ಕಾರ. ಕುಡಿತದ ಬಗ್ಗೆ ಮಾತು ಅಂದ ಕೂಡಲೇ ಹಿಂದಿನ ಸಾಲಿನಿಂದ ಇಬ್ಬರು ಎದ್ದು ಹೋದರು. ಹೋಗಲಿ ಬಿಡಿ, ನನ್ನ ಚಿಕ್ಕಪ್ಪನೂ ಹಾಗೇ ಎದ್ದು ಹೋಗುತ್ತಿದ್ದರು. ಕುಡಿಯಬೇಡಿ ಅಂತ ಹೇಳೋಕೆ ನಾನು ಬಂದಿಲ್ಲ. ಅದನ್ನು ಮನೆಯವರು ದಿನಾ ಹೇಳುತ್ತಾರೆ. ಬಿಡಬೇಕು ಅಂತ ಅನ್ನಿಸಿದ ದಿನ ಎಲ್ಲಿಗೆ ಹೋಗಬೇಕು, ಹೋದರೆ ಅಲ್ಲಿ ಏನು ನಡೆಯುತ್ತದೆ? ಇವತ್ತು ಅಷ್ಟೇ ಮಾತು.

ಚಿಕ್ಕಪ್ಪ ಮಾಡದ ಆಣೆ ಇಲ್ಲ. ಅಜ್ಜಿಯ ಫೋಟೋ ಮುಟ್ಟಿ, ಮಗಳ ತಲೆ ಮುಟ್ಟಿ, ಮಂಜುನಾಥಸ್ವಾಮಿ ಹೆಸರು ಹೇಳಿ. ನಾಟಕ ಅಲ್ಲ, ಪ್ರತಿ ಸಲವೂ ಮನಸಾರೆ ಮಾಡಿದ್ದೇ. ಹದಿನೈದು ದಿನಕ್ಕೆ ಮುರಿದು ಬೀಳುತ್ತಿತ್ತು. ಆಮೇಲೆ ನಮಗೆ ಮುಖ ತೋರಿಸೋಕಾಗದೆ ಇನ್ನೂ ಜಾಸ್ತಿ ಕುಡಿಯುತ್ತಿದ್ದರು. ನಾವೋ, ಇನ್ನೂ ದೊಡ್ಡ ದೇವರನ್ನು ಹುಡುಕುತ್ತಿದ್ದೆವು.

ಕೊನೆಗೆ ಡಾಕ್ಟರ್ ಒಬ್ಬರು ಆಲ್ಕೊಹಾಲಿಕ್ಸ್ ಅನಾನಿಮಸ್ ಮೀಟಿಂಗಿಗೆ ಹೋಗಿ ಅಂದರು. ಜನ ಎ.ಎ. ಅಂತಾರೆ, ಕುಡಿತ ಬಿಡಬೇಕು ಅನ್ನುವವರೇ ಸೇರಿ ಮಾತಾಡುವ ಗುಂಪು. ಇದು ಶುರುವಾದದ್ದು 1935ರಲ್ಲಿ, ಅಮೆರಿಕದ ಏಕ್ರನ್ ಊರಿನಲ್ಲಿ. ಬಿಲ್ ವಿಲ್ಸನ್ ಅನ್ನುವವರು ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು. ವ್ಯವಹಾರ ಕೈಕೊಟ್ಟು ಹೋಟೆಲಿನಲ್ಲಿ ಒಬ್ಬರೇ ನಿಂತಿದ್ದಾರೆ, ಬಾರ್ ಪಕ್ಕದಲ್ಲೇ ಇದೆ. ಅವರು ಬಾರಿಗೆ ಹೋಗದೆ ಫೋನ್ ಹತ್ತಿರ ಹೋದರು. ಊರಿನ ಚರ್ಚ್‌ಗಳಿಗೆ ಫೋನ್ ಮಾಡಿ ಕೇಳಿದ್ದೇನು ಗೊತ್ತಾ? ನನ್ನ ಹಾಗೇ ಕುಡಿತಕ್ಕೆ ಸಿಕ್ಕಿಬಿದ್ದವರು ಇನ್ನೊಬ್ಬರು ಇದ್ದಾರಾ, ಮಾತಾಡಬೇಕು ಅಂತ. ಹಾಗೆ ಸಿಕ್ಕವರು ಬಾಬ್ ಸ್ಮಿತ್, ಸರ್ಜನ್. ಹದಿನೈದು ನಿಮಿಷ ಅಂತ ಬಂದವರು ಗಂಟೆಗಟ್ಟಲೆ ಕೂತರು. ಎ.ಎ. ಮೀಟಿಂಗ್ ಅಂದರೆ ಇವತ್ತಿಗೂ ಅದೇ. ನಮ್ಮ ದೇಶದಲ್ಲಿ 1957ರಲ್ಲಿ ಮುಂಬೈಯಲ್ಲಿ ಶುರುವಾಯಿತು.

ಜಾಗ ಹುಡುಕುವುದು ಕಷ್ಟವಲ್ಲ. ಎ.ಎ. ವೆಬ್‌ಸೈಟಿನಲ್ಲಿ ಊರುಗಳ ಪಟ್ಟಿ ಇರುತ್ತದೆ. ಸರ್ಕಾರದ ಸಹಾಯವಾಣಿ 14446ಕ್ಕೆ ಫೋನ್ ಮಾಡಿ ವಿಚಾರಿಸಬಹುದು. ಮನಸ್ಸಿಗೆ ತೀರಾ ಕಷ್ಟವಾದಾಗ ಮಾತಾಡೋಕೆ ಟೆಲಿ ಮಾನಸ್, 14416. ಜಿಲ್ಲಾ ಆಸ್ಪತ್ರೆಯ ಮಾನಸಿಕ ರೋಗ ವಿಭಾಗದಲ್ಲೂ ಕೇಳಿ. ಹಳ್ಳಿಗಳ ಕಡೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ನಿಮಗೆ ಗೊತ್ತೇ ಇವೆ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಅಂತ ಆಮೇಲೂ ಸೇರುತ್ತಾರೆ. ಮೀಟಿಂಗಿಗೆ ಹೊರಡುವ ಮೊದಲು ಫೋನಿನಲ್ಲಿ ಸಮಯ ಕೇಳಿ, ಮಾತು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಕೇಳಿ. ಓಪನ್ ಮೀಟಿಂಗಾ ಅಂತಲೂ ಕೇಳಿ. ಓಪನ್ ಆದರೆ ಮನೆಯವರೂ ಜೊತೆಗೆ ಕೂರಬಹುದು. ಕ್ಲೋಸ್ಡ್ ಆದರೆ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ.

ಒಂದು ಎಚ್ಚರ. ಬೆಳಗ್ಗೆ ಎದ್ದ ಕೂಡಲೇ ಕೈ ನಡುಗುವವರು, ದಿನಾ ಜಾಸ್ತಿ ಕುಡಿಯುವವರು ಒಂದೇ ಏಟಿಗೆ ನಿಲ್ಲಿಸಬಾರದು. ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೇ ಅಪಾಯ. ಮೊದಲು ಡಾಕ್ಟರ್, ಆಮೇಲೆ ಮೀಟಿಂಗ್. ಇನ್ನು, ಗುಟ್ಟಾಗಿ ಸಾರಿಗೆ ಕುಡಿತ ಬಿಡಿಸುವ ಮಾತ್ರೆ ಬೆರೆಸುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ದಯವಿಟ್ಟು ಬೇಡ. ಆ ಮಾತ್ರೆಯ ಮೇಲೆ ಕುಡಿದರೆ ಬಿಪಿ ಕುಸಿದು ಮನುಷ್ಯ ಉಳಿಯದೇ ಹೋಗಬಹುದು.

ಸರಿ, ನಮ್ಮ ಕಥೆಗೆ ಬರುತ್ತೇನೆ. ಶಾಲೆಯೊಂದರ ಹಿಂದಿನ ಕೋಣೆಯಲ್ಲಿ ಮೀಟಿಂಗ್. ಎದುರಿನ ಟೀ ಅಂಗಡಿಯಲ್ಲಿ ನಾನೂ ಚಿಕ್ಕಪ್ಪನೂ ನಲವತ್ತು ನಿಮಿಷ ನಿಂತೆವು. ಮೂರು ಟೀ ಆಯಿತು. ಗೊತ್ತಿರುವವರು ಯಾರಾದರೂ ನೋಡಿದರೆ ಅಂತ ಅವರಿಗೆ ದಿಗಿಲು. ಬಾರ್ ಮುಂದೆ ಬಿದ್ದಾಗ ಇಡೀ ಊರೇ ನೋಡಿತ್ತು, ಅದು ಬೇರೆ ವಿಷಯ! ಆ ವಾರ ಹಾಗೇ ಮನೆಗೆ ಬಂದೆವು. ಮುಂದಿನ ವಾರ ಮತ್ತೆ ಅದೇ ಟೀ ಅಂಗಡಿ. ಒಳಗಿಂದ ಒಬ್ಬ ಹಿರಿಯರು ರಸ್ತೆ ದಾಟಿ ಬಂದು, "ಟೀ ಒಳಗೂ ಇದೆ, ಬನ್ನಿ ಸಾರ್" ಅಂದರು. ಅಷ್ಟೇ.

ಒಳಗೆ ಹದಿನಾಲ್ಕು ಪ್ಲಾಸ್ಟಿಕ್ ಕುರ್ಚಿ. ಫಾರಂ ಇಲ್ಲ, ಫೀಸ್ ಇಲ್ಲ, ಜಾತಿ ಕೇಳಲಿಲ್ಲ. ಹೆಸರು ಹೇಳಿದರೆ ಸಾಕು, ಊರು ಮನೆತನ ಬೇಡ. ಕುಡಿತ ಬಿಡಬೇಕು ಅನ್ನುವ ಆಸೆಯೊಂದೇ ಅಲ್ಲಿ ಸೇರೋಕೆ ಬೇಕಾದ ಅರ್ಹತೆ. ಒಬ್ಬೊಬ್ಬರೇ ತಮ್ಮ ಕಥೆ ಹೇಳಿದರು. ಯಾರೂ ಬುದ್ಧಿ ಹೇಳಲಿಲ್ಲ, ಮಧ್ಯೆ ಬಾಯಿ ಹಾಕಲಿಲ್ಲ. ಕೊನೆಗೆ ಚೀಲವೊಂದು ಸುತ್ತ ಬಂತು. ಖರ್ಚಿಗೆ ಅಂತ, ಹಾಕಿದರೆ ಹಾಕಬಹುದು. ಚಿಕ್ಕಪ್ಪ ಹತ್ತು ರೂಪಾಯಿ ಹಾಕಿದರು. ಒಂದು ಮಾತೂ ಆಡಲಿಲ್ಲ, ಆಡಿ ಅಂತ ಯಾರೂ ಒತ್ತಾಯಿಸಲೂ ಇಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ, "ಅಲ್ಲಿ ಯಾರೂ ಆಣೆ ಕೇಳಲಿಲ್ಲ ನೋಡು, ಇವತ್ತೊಂದು ದಿನ ಕುಡಿಯದಿದ್ದರೆ ಸಾಕಂತೆ" ಅಂದರು.

ಬರೀ ಮಾತಾಡಿದರೆ ಬಿಟ್ಟುಬಿಡುತ್ತಾರಾ? ನನಗೂ ಈ ಅನುಮಾನ ಇತ್ತು. 2020ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಜಾಸ್ತಿ ಜನರ ವಿವರವನ್ನು ಒಟ್ಟಿಗೆ ಇಟ್ಟು ನೋಡಿತು. ಎ.ಎ.ಗೆ ಹೋಗುವಂತೆ ಕ್ರಮವಾಗಿ ತಯಾರು ಮಾಡುವ ಚಿಕಿತ್ಸೆ, ಪೂರ್ತಿ ಬಿಡಿಸುವುದರಲ್ಲಿ ಬೇರೆ ಹೆಸರಾದ ಚಿಕಿತ್ಸೆಗಳಿಗಿಂತ ಮುಂದಿತ್ತು. ಹಾಗಂತ ಎಲ್ಲರಿಗೂ ಆಗಿಬರುತ್ತದೆ ಅಂತ ಅಲ್ಲ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ಚಿಕ್ಕಪ್ಪನೂ ಮಧ್ಯೆ ಎರಡು ಸಲ ಜಾರಿದರು. ಮಾರನೇ ವಾರ ಹೋದಾಗ ಕುರ್ಚಿ ಹಾಗೇ ಇತ್ತು, ಟೀ ಕೊಟ್ಟರು.

ಮನೆಯ ಹೆಂಗಸರಿಗೆ ಒಂದು ಮಾತು. ಅಲ್-ಅನಾನ್ ಅಂತ ಮನೆಯವರಿಗೇ ಬೇರೆ ಗುಂಪು ಇದೆ, 1951ರಿಂದ. ಕುಡಿಯುವವರು ಕುಡಿತ ಬಿಡಲಿ, ಬಿಡದಿರಲಿ, ನೀವು ಹೋಗಬಹುದು. ನಮ್ಮ ಚಿಕ್ಕಮ್ಮ ತಡವಾಗಿ ಹೋದರು. ಮೊದಲೇ ಹೋಗಬೇಕಿತ್ತು ಅಂತ ಈಗಲೂ ಅನ್ನುತ್ತಾರೆ.

ಪ್ರಶ್ನೆ ಇದ್ದರೆ ಕೇಳಿ. ಎಲ್ಲರ ಎದುರು ಬೇಡ ಅನ್ನಿಸಿದರೆ, ಗೇಟಿನ ಪಕ್ಕದ ಟೀ ಅಂಗಡಿಯಲ್ಲಿ ಅರ್ಧ ಗಂಟೆ ಇರುತ್ತೇನೆ. ಎದ್ದು ಹೋದ ಆ ಇಬ್ಬರೂ ಅಲ್ಲೇ ನಿಂತಿರುವುದು ಇಲ್ಲಿಂದ ಕಾಣುತ್ತಿದೆ.