ಅಂಗನವಾಡಿ ನಾಲ್ಕಕ್ಕೆ ಮುಗಿಯುತ್ತದೆ, ಶಿಫ್ಟ್ ಐದೂವರೆಗೆ: ನಡುವೆ ಮಗು ಎಲ್ಲಿ?

[ತೆರೆಯ ಮೇಲೆ: ಗಾರ್ಮೆಂಟ್ಸ್ ಗೇಟು, ಒಳಗೆ ಹೋಗುತ್ತಿರುವ ಹೆಂಗಸರು]

ನಮಸ್ಕಾರ. ಪೀಣ್ಯದ ಯಾವುದೋ ಒಂದು ಗಾರ್ಮೆಂಟ್ಸ್ ಅಂದುಕೊಳ್ಳಿ. ಬೆಳಗ್ಗೆ ಒಂಬತ್ತಕ್ಕೆ ಒಳಗಿರಬೇಕು, ಬಿಡುವುದು ಸಂಜೆ ಐದೂವರೆಗೆ. ಮಗುವಿನ ಅಂಗನವಾಡಿ ನಾಲ್ಕರ ಹೊತ್ತಿಗೆ ಮುಗಿಯುತ್ತದೆ. ಮನೆಯಲ್ಲಿ ಅಜ್ಜಿಯೋ ಅಪ್ಪನೋ ಇದ್ದರೆ ಹೇಗೋ ನಡೆಯುತ್ತದೆ. ಗಂಡ ತೀರಿಕೊಂಡು, ಇಲ್ಲವೇ ಬೇರೆಯಾಗಿ, ಮತ್ತೆ ಕೆಲಸಕ್ಕೆ ಹೊರಟ ತಾಯಿಗೆ ಆ ಒಂದೂವರೆ ಗಂಟೆಯದ್ದೇ ಚಿಂತೆ. 2023ರಲ್ಲಿ ಶಕ್ತಿ ಯೋಜನೆ ಬಂದು ಟಿಕೆಟ್ ದುಡ್ಡು ಉಳಿಯಿತು, ನಿಜ. ಟ್ರಾಫಿಕ್ ಹಾಗೇ ಇದೆ.

"ಪಾರ್ಟ್ ಟೈಮ್ ಮಾಡಮ್ಮಾ" ಅನ್ನುವವರೇ ಜಾಸ್ತಿ. ಒಂದೇ ಸಂಬಳದ ಮನೆಗೆ ಅರ್ಧ ಸಂಬಳ ಸಾಲುತ್ತಾ? ಸರಿ, ಬೇಗ ಬಂದು ಬೇಗ ಹೋಗಲಿ ಅಂದರೆ, ಅಂಗನವಾಡಿ ಬಾಗಿಲು ತೆಗೆಯುವುದೇ ಒಂಬತ್ತೂವರೆಯ ಸುಮಾರಿಗೆ. ಈಗಲೇ ಇರುವ ಬೆಳಗಿನ ಅರ್ಧ ಗಂಟೆಯ ತೊಂದರೆ ಇನ್ನೂ ದೊಡ್ಡದಾಯಿತು, ಅಷ್ಟೇ. ಅದಕ್ಕೇ ನಾನು ಟೈಮಿಂಗ್‌ಗಿಂತ ಮೊದಲು ಕೇಳುವುದು ಕೆಲಸದ ಜಾಗದ ಶಿಶುಪಾಲನಾ ಕೇಂದ್ರದ ಬಗ್ಗೆ.

[ತೆರೆಯ ಮೇಲೆ: 50 ಉದ್ಯೋಗಿಗಳು]

ಇದು ಕಂಪನಿಯ ದಯೆ ಅಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲೇ ಇದು ಬಂತು: 50 ಅಥವಾ ಹೆಚ್ಚು ಉದ್ಯೋಗಿಗಳಿದ್ದರೆ ಈ ಸೌಲಭ್ಯ ಇರಲೇಬೇಕು. ಗಂಡಸರೂ ಲೆಕ್ಕಕ್ಕೆ ಸೇರುತ್ತಾರೆ. 2025ರ ನವೆಂಬರ್‌ನಲ್ಲಿ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಉಳಿದಿದೆ. ಸರ್ಕಾರದ್ದೋ ಖಾಸಗಿಯವರದ್ದೋ ಕೇಂದ್ರವನ್ನು ಹಲವು ಕಂಪನಿಗಳು ಸೇರಿ ಬಳಸಬಹುದು. ವಿರಾಮದ ಹೊತ್ತೂ ಸೇರಿ ದಿನಕ್ಕೆ ನಾಲ್ಕು ಸಲ ತಾಯಿ ಹೋಗಿ ಮಗುವನ್ನು ನೋಡಿ ಬರಬಹುದು.

ಕಾಗದದ ಮೇಲೆ ಚೆನ್ನಾಗಿದೆ, ಅಲ್ವಾ? ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಇರುವ ಲೈನಿನಲ್ಲಿ ನಾಲ್ಕು ಸಲ ಮೆಷಿನ್ ಬಿಟ್ಟು ಏಳುವುದು ಎಷ್ಟು ಕಷ್ಟ ಅಂತ ಅಲ್ಲಿ ಕೂತವರಿಗೇ ಗೊತ್ತು.

ಹಳ್ಳಿಗಳಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವವರ ಪುಟ್ಟ ಮಕ್ಕಳಿಗೆ ಗ್ರಾಮ ಪಂಚಾಯಿತಿಯ "ಕೂಸಿನ ಮನೆ" ಇದೆ. ಸರ್ಕಾರಿ ನೌಕರರ ದಾರಿ ಇನ್ನೂ ಸಲೀಸು. ಕೇಂದ್ರ ನೌಕರಿಯಲ್ಲಿ ಮಗುವಿಗೆ 18 ತುಂಬುವವರೆಗೆ ಒಟ್ಟು 730 ದಿನ ಶಿಶುಪಾಲನಾ ರಜೆ, ನಮ್ಮ ರಾಜ್ಯದಲ್ಲಿ 180 ದಿನ. ಒಂಟಿ ತಂದೆಗೂ ಇದು ಸಿಗುತ್ತದೆ. ಖಾಸಗಿ ಕೆಲಸದ ಒಂಟಿ ತಂದೆಗೆ ಇಂಥ ರಜೆ ಕೊಡುವ ಕಾನೂನು ಇಲ್ಲ. ನನಗಂತೂ ಇದು ದೊಡ್ಡ ಅನ್ಯಾಯ ಅನಿಸುತ್ತದೆ. ಸ್ಕೂಲಿಗೆ ಹೋಗುವ ಮಗುವಿಗೆ ಜ್ವರ ಬಂದರೆ ಅವನು ಯಾರನ್ನು ಕರೆಯಬೇಕು?

[ತೆರೆಯ ಮೇಲೆ: ಸೇರುವ ಮೊದಲು ಕೇಳಿ]

ಇಂಟರ್‌ವ್ಯೂನಲ್ಲಿ "ಟೈಮಿಂಗ್ ಫ್ಲೆಕ್ಸಿಬಲ್" ಅಂದರೆ ಸುಮ್ನೆ ತಲೆಯಾಡಿಸಬೇಡಿ. ಶಿಶುಪಾಲನಾ ಕೇಂದ್ರ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ಎಷ್ಟು ವಯಸ್ಸಿನ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ, ಕೇಳಿ. ಓಟಿಯ, ಅಂದರೆ ಹೆಚ್ಚುವರಿ ಹೊತ್ತಿನ ಕೆಲಸದ ವಿಚಾರ ಆಗಲೇ ಮಾತಾಡಿಬಿಡಿ. ಅದೇ ನವೆಂಬರ್‌ನಲ್ಲಿ ಜಾರಿಯಾದ ಇನ್ನೊಂದು ಸಂಹಿತೆ, ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯದ್ದು, ಅದರ ಪ್ರಕಾರ ಓಟಿಗೆ ಕಾರ್ಮಿಕರ ಒಪ್ಪಿಗೆ ಬೇಕು. ಒಪ್ಪಿಕೊಂಡ ಟೈಮಿಂಗ್ ಆಫರ್ ಲೆಟರ್‌ನಲ್ಲೇ ಬರೆದು ಕೊಡಿ ಅನ್ನಿ. ಇವತ್ತು ಹೂಂ ಅಂದ ಸೂಪರ್‌ವೈಸರ್ ಮುಂದಿನ ತಿಂಗಳು ಬೇರೆ ಯೂನಿಟ್‌ಗೆ ಹೋಗಿರಬಹುದು.